ಶೋಧನೆ, ಸಂಶೋಧನೆ, ಆರೈಕೆ: ಒಂದು ಪಾರಿಭಾಷಿಕ ಪದದ ಚರಿತ್ರೆ

ವೈದ್ಯಶಾಸ್ತ್ರ, ಶಿಕ್ಷಣಶಾಸ್ತ್ರ, ಕಲಾಧ್ಯಯನ ಈ ಮೂರು ಕ್ಷೇತ್ರಗಳೂ ಕನ್ನಡದಲ್ಲಿ ತಮ್ಮ ವಿದ್ವತ್ಕಾರ್ಯವನ್ನು ‘ಸಂಶೋಧನೆ’ ಎಂಬ ಒಂದೇ ಹೆಸರಿನಿಂದ ಕರೆದುಕೊಳ್ಳುತ್ತವೆ. ವಿಶ್ವವಿದ್ಯಾಲಯದ ಕಡತಗಳಲ್ಲಿ ಈ ಪದಕ್ಕೆ ಯಾವ ತೊಡಕೂ ಇಲ್ಲ. ಇಂಗ್ಲಿಷಿನ ‘ರಿಸರ್ಚ್’ ಎಂಬುದಕ್ಕೆ ಅದು ಸಿದ್ಧ ಸಂವಾದಿಯೆಂದು ಎಲ್ಲರೂ ಒಪ್ಪಿದ್ದಾರೆ. ನೆರೆಹೊರೆಯ ಭಾಷೆಗಳತ್ತ ತಿರುಗಿದೊಡನೆ ಮಾತ್ರ ಈ ಸಹಜತೆ ಸಡಿಲಗೊಳ್ಳುತ್ತದೆ. ಅದೇ ಅರ್ಥಕ್ಕೆ ತೆಲುಗು ‘ಪರಿಶೋಧನ’ ಎನ್ನುತ್ತದೆ, ಮಲಯಾಳವೂ ಬಂಗಾಳಿಯೂ ‘ಗವೇಷಣ’ದ ರೂಪಗಳನ್ನು ಬಳಸುತ್ತವೆ, ಹಿಂದಿಯಲ್ಲಿ ‘ಅನುಸಂಧಾನ’, ‘ಶೋಧ’ ಎರಡೂ ಇವೆ, ತಮಿಳು ತನ್ನದೇ ಧಾತುವಿನಿಂದ ‘ಆರಾಯ್ಚ್ಚಿ’ಯನ್ನು ಕಟ್ಟಿಕೊಂಡಿದೆ. ಮರಾಠಿ ಮತ್ತು ಗುಜರಾತಿಗಳು ಮಾತ್ರ ಕನ್ನಡದಂತೆ ‘ಸಂಶೋಧನ’ವನ್ನು ಆರಿಸಿಕೊಂಡಿವೆ. ಹಿಂದಿಯಲ್ಲಿ ‘ಸಂಶೋಧನ’ವೆಂದರೆ ತಿದ್ದುಪಡಿ, ಸಂವಿಧಾನಕ್ಕೆ ಮಾಡುವ ತಿದ್ದುಪಡಿಯ ಹಾಗೆ. ತೆಲುಗರ ‘ಪರಿಶೋಧನ’ ಕನ್ನಡಕ್ಕೆ ಬಂದರೆ ಲೆಕ್ಕಪತ್ರದ ಪಕ್ಕದಲ್ಲಿ ಕೂರುತ್ತದೆ.

ಸಂಸ್ಕೃತದ ಒಂದೇ ಧಾತು ಹೀಗೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಉದ್ಯೋಗ ಹಿಡಿದಿರುವುದು ಭಾಷಾಶಾಸ್ತ್ರಕ್ಕೆ ಹೊಸ ಸಂಗತಿಯಲ್ಲ. ನಮ್ಮ ಆಸಕ್ತಿ ಇರುವುದು ಬೇರೊಂದು ಕಡೆ. ಶುಚಿಗೊಳಿಸುವುದು, ಕಲ್ಮಷವನ್ನು ತೆಗೆಯುವುದು ಎಂಬ ‘ಶುಧ್’ ಧಾತುವಿನ ಮೂಲಾರ್ಥವು ಕನ್ನಡದ ‘ಸಂಶೋಧನೆ’ಯಲ್ಲಿ ಸತ್ತುಹೋಗಿಲ್ಲವೆಂದೂ, ಮೂರು ಕ್ಷೇತ್ರಗಳ ವಿದ್ವತ್ ರೂಢಿಗಳಲ್ಲಿ ಅದು ಮೂರು ಬಗೆಯಾಗಿ ದುಡಿಯುತ್ತಿದೆಯೆಂದೂ ನಾವು ಇಲ್ಲಿ ತೋರಿಸಲೆಳಸುತ್ತೇವೆ. ವೈದ್ಯಕೀಯದಲ್ಲಿ ಈ ಪದದ ಅರ್ಥಸಂದಿಗ್ಧತೆಯು ಕೋಶಕಾರನ ಚಿಂತೆಯಾಗಿ ಮಾತ್ರ ಉಳಿಯುವುದಿಲ್ಲ. ಅದನ್ನು ಓದಿ, ಅಥವಾ ಓದಿಸಿಕೊಂಡು, ಸಹಿ ಹಾಕುವ ರೋಗಿಯ ದೇಹಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

‘ಸಂಶೋಧನ’ವು ಪಾರಿಭಾಷಿಕವಾಗಿ ಮೊದಲು ನೆಲೆಗೊಂಡದ್ದು ವೈದ್ಯದಲ್ಲಿಯೇ. ಸುಶ್ರುತಸಂಹಿತೆಯ ಸೂತ್ರಸ್ಥಾನದ 39ನೆಯ ಅಧ್ಯಾಯದ ಹೆಸರೇ ‘ಸಂಶೋಧನ ಸಂಶಮನೀಯ’. ದೇಹದಲ್ಲಿ ಕೆರಳಿದ ದೋಷವನ್ನು ಹೊರಹಾಕುವುದು ಸಂಶೋಧನ, ಅದನ್ನು ಇದ್ದಲ್ಲಿಯೇ ಅಡಗಿಸುವುದು ಸಂಶಮನ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಶೋಧನದ ಐದು ಬಗೆಗಳನ್ನು ಹೇಳುತ್ತಾನೆ: ನಿರೂಹಬಸ್ತಿ, ವಮನ, ಕಾಯವಿರೇಚನ, ಶಿರೋವಿರೇಚನ, ರಕ್ತಮೋಕ್ಷಣ. ಚರಕಸಂಹಿತೆಯು ಇವೆರಡರ ತಾರತಮ್ಯವನ್ನೂ ನಿರ್ಣಯಿಸುತ್ತದೆ. ಶಮನದಿಂದ ಗೆದ್ದ ದೋಷವು ಮತ್ತೆ ತಲೆಯೆತ್ತಬಹುದು. ಸಂಶೋಧನದಿಂದ ಹೊರಹೋದದ್ದು ಮರುಕಳಿಸದು. ರಸಶಾಸ್ತ್ರದಲ್ಲಿ ಅದೇ ಪದ ಪಾದರಸಕ್ಕೂ ಲೋಹಗಳಿಗೂ ವಿಷದ್ರವ್ಯಗಳಿಗೂ ಅನ್ವಯಿಸುತ್ತದೆ. ಶೋಧಿಸದ ಪಾದರಸ ವಿಷ, ಶೋಧಿಸಿದ್ದು ಔಷಧ.

ಕರ್ನಾಟಕದ ವೈದ್ಯಪರಂಪರೆ ಈ ಪರಿಭಾಷೆಯೊಳಗೇ ಬೆಳೆಯಿತು. ಅಮೋಘವರ್ಷ ನೃಪತುಂಗನ ಕಾಲದವನಾದ ಉಗ್ರಾದಿತ್ಯನು ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿಯೇ ಬರೆದನು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’, 14ರಲ್ಲಿ ಮಂಗರಾಜನ ವಿಷವೈದ್ಯಗ್ರಂಥ ‘ಖಗೇಂದ್ರಮಣಿದರ್ಪಣ’ ಕನ್ನಡದಲ್ಲಿ ಬಂದವು. ಮೂರೂ ಪದ್ಯಪ್ರಾಯ ಗ್ರಂಥಗಳಾಗಿದ್ದರೂ ಕನ್ನಡವು ಶಾಸ್ತ್ರದ ಭಾಷೆಯಾಗಬಲ್ಲದೆಂಬುದಕ್ಕೆ ಇವು ಹಳೆಯ ಸಾಕ್ಷ್ಯಗಳು. ಇಂದಿನ ‘ಸಂಶೋಧನೆ’ಯ ಅರ್ಥದಲ್ಲಿ ಹೊಸ ಜ್ಞಾನವನ್ನು ಹುಡುಕುವ ಕ್ರಿಯೆಗೆ ಆ ಪರಂಪರೆಯಲ್ಲಿ ‘ಪರೀಕ್ಷೆ’, ‘ಯುಕ್ತಿ’, ‘ವಿಚಾರ’ಗಳೇ ಹತ್ತಿರದ ಪದಗಳು, ‘ಶೋಧನ’ವು ಔಷಧಿಯನ್ನು ಕುದಿಸುವ ಒಲೆಯ ಬಳಿಯ ಪದ. ಆಯುರ್ವೇದ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಈಗ ಶೋಧನಕರ್ಮವನ್ನು ಕುರಿತು ಸಂಶೋಧನೆ ಕೈಗೊಂಡರೆ, ಒಂದೇ ಪದದ ಎರಡು ಸಾವಿರ ವರ್ಷಗಳ ಅಂತರ ಆ ಶೀರ್ಷಿಕೆಯೊಳಗೇ ಮಡಚಿಕೊಂಡಿರುತ್ತದೆ.

ಶುಚಿಮಾಡುವ ಕ್ರಿಯೆಯಿಂದ ಹುಡುಕುವ ಕ್ರಿಯೆಗೆ ಅರ್ಥ ಸಾಗಿದ ದಾರಿ ಅಷ್ಟೇನೂ ದುರ್ಗಮವಲ್ಲ. ಧಾನ್ಯದೊಳಗಿನ ಕಲ್ಲನ್ನು ತೆಗೆಯಬೇಕಾದರೆ ಕಲ್ಲನ್ನು ಕಾಣಬೇಕು. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ‘ಕಂಟಕಶೋಧನ’ವೆಂದು ಹೆಸರು, ರಾಜ್ಯಕ್ಕೆ ಮುಳ್ಳಾದವರನ್ನು ಕೀಳುವುದು ಅದರ ವಿಷಯ. ಅದರೊಳಗೇ ಹಠಾತ್ತಾಗಿ ಸತ್ತವರ ದೇಹವನ್ನು ಪರಿಶೀಲಿಸುವ ‘ಆಶುಮೃತಕ ಪರೀಕ್ಷೆ’ಯ ಪ್ರಕರಣವಿದೆ. ಕೀಳುವ ಕೆಲಸಕ್ಕೆ ‘ಶೋಧನ’, ನೋಡುವ ಕೆಲಸಕ್ಕೆ ‘ಪರೀಕ್ಷಾ’ ಎಂಬ ಭೇದ ಅಲ್ಲಿ ಇನ್ನೂ ಉಳಿದಿದೆ, ಆದರೆ ಎರಡೂ ಒಂದೇ ಅಧಿಕರಣದ ನೆರೆಮನೆಗಳು. ಕ್ರಮೇಣ ‘ಶೋಧನ’ವೇ ಎರಡೂ ಕೆಲಸವನ್ನು ವಹಿಸಿಕೊಂಡಿತು. ಸಂಸ್ಕೃತ ಕೋಶಗಳು ಈ ಪದಕ್ಕೆ ಶುದ್ಧೀಕರಣ, ತಿದ್ದುಪಡಿ, ತನಿಖೆ, ಸಾಲ ತೀರಿಸುವುದು, ಗಣಿತದಲ್ಲಿ ಕಳೆಯುವುದು ಎಂದು ಸಾಲಾಗಿ ಅರ್ಥ ಕೊಡುತ್ತವೆ. ಕನ್ನಡದ ‘ತನಿಖೆ’ಯೂ ಇದೇ ದಾರಿಯಲ್ಲಿ ನಡೆದು ಬಂದದ್ದು. ಅದರ ಮೂಲವಾದ ಅರಬ್ಬಿಯ ‘ತನ್‌ಕೀಹ್’ ಎಂದರೆ ಸವರಿ ಶುಚಿಮಾಡುವುದು, ಬರಹವನ್ನು ತಿದ್ದಿ ಹಸನುಗೊಳಿಸುವುದು. ತಮಿಳಿನಲ್ಲಿ ಅದು ‘ತಣಿಕ್ಕೈ’ಯಾಗಿ ಲೆಕ್ಕ ಪರಿಶೋಧನೆಗೆ ಹೆಸರಾಯಿತು. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳಿಂದ ಬಂದ ಪದಗಳು ಕನ್ನಡದಲ್ಲಿ ಶುಚಿಯಿಂದ ವಿಚಾರಣೆಗೆ ಒಂದೇ ಹೆಜ್ಜೆಯಿಟ್ಟಿರುವುದನ್ನು ಆಕಸ್ಮಿಕವೆನ್ನಲಾಗದು. ಪತ್ರಿಕೆಗಳಲ್ಲಿ ಕಾಣುವ ‘ಶೋಧ ಕಾರ್ಯ’, ಪೊಲೀಸರ ‘ಮನೆ ಶೋಧ’ಗಳೂ ಈ ಅರ್ಥಕುಟುಂಬಕ್ಕೇ ಸೇರಿದವು.

ವಿದ್ವತ್ ಚಟುವಟಿಕೆಯ ಹೆಸರಾಗಿ ‘ಸಂಶೋಧನೆ’ ಕನ್ನಡದಲ್ಲಿ ನಿಂತದ್ದು 20ನೆಯ ಶತಮಾನದಲ್ಲಿ, ಅದೂ ಸ್ಪರ್ಧೆಯಿಲ್ಲದೆ ಅಲ್ಲ. ಹಳೆಯ ಮೈಸೂರಿನಲ್ಲಿ ಪುರಾತತ್ತ್ವದ ಕೆಲಸಕ್ಕೆ ‘ಪ್ರಾಕ್ತನ ವಿಮರ್ಶೆ’ ಎಂಬ ಹೆಸರು ಗೌರವಾನ್ವಿತವಾಗಿತ್ತು. ‘ಕರ್ಣಾಟಕ ಕವಿಚರಿತೆ’ಯ ಕರ್ತೃ ಆರ್. ನರಸಿಂಹಾಚಾರ್ಯರಿಗೆ ದೊರೆತ ಬಿರುದೇ ‘ಪ್ರಾಕ್ತನ ವಿಮರ್ಶ ವಿಚಕ್ಷಣ’. ‘ಮೃಶ್’ ಧಾತುವಿನಲ್ಲಿರುವುದು ಮುಟ್ಟಿ ನೋಡುವ, ತಡವಿ ನೋಡುವ ಕ್ರಿಯೆ. ಅದರಲ್ಲಿ ಕೊಳೆಯ ಪ್ರಸ್ತಾಪವಿಲ್ಲ. ಮುಂದೆ ‘ವಿಮರ್ಶೆ’ಯನ್ನು ಸಾಹಿತ್ಯದವರು ತಮ್ಮದಾಗಿಸಿಕೊಂಡರು, ಶಾಸನ, ಹಸ್ತಪ್ರತಿ, ಇತಿಹಾಸಗಳ ಕೆಲಸಕ್ಕೆ ಬೇರೆ ಹೆಸರು ಬೇಕಾಯಿತು. ಆ ವೇಳೆಗೆ ಪುಣೆಯಲ್ಲಿ ರಾಜವಾಡೆಯವರು 1910ರಲ್ಲಿ ಆರಂಭಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳವು ಮರಾಠಿಯಲ್ಲಿ ಈ ಪದವನ್ನು ಪ್ರತಿಷ್ಠಾಪಿಸಿಯಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಹುಟ್ಟಿತು. ಕನ್ನಡದ ವಿದ್ವತ್ ಪರಿಭಾಷೆಗೆ ‘ಸಂಶೋಧನೆ’ಯ ಬಲ ಬಂದದ್ದು ಮರಾಠಿಯ ನೆರೆಯಿಂದ, ಉತ್ತರದ ಬಾಗಿಲಿನಿಂದ ಎಂದು ನಾವು ಊಹಿಸುತ್ತೇವೆ. 1891ರಲ್ಲಿ ಸ್ಥಾಪಿತವಾದ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಸಂಪಾದಿಸಿದ ಅರ್ಥಶಾಸ್ತ್ರದಿಂದ ಲೋಕವಿಖ್ಯಾತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯವೂ 1940ರ ದಶಕದಲ್ಲಿ ಇಂಗ್ಲಿಷಿನ ಹೆಸರಿನಲ್ಲಿ ‘ರಿಸರ್ಚ್’ ಸೇರಿಸಿಕೊಂಡು, ಕನ್ನಡದಲ್ಲಿ ಸಂಶೋಧನಾಲಯವೆನಿಸಿತು. 1960ರ ದಶಕದಲ್ಲಿ ಎಂ. ಚಿದಾನಂದಮೂರ್ತಿಯವರು ತಮ್ಮ ಲೇಖನಸಂಗ್ರಹಕ್ಕೆ ‘ಸಂಶೋಧನ ತರಂಗ’ವೆಂದು ಹೆಸರಿಡುವಾಗ ಪದಕ್ಕೆ ವಿವರಣೆಯೇ ಬೇಕಿರಲಿಲ್ಲ. ಅವರ ಮಹಾಪ್ರಬಂಧದ ಶೀರ್ಷಿಕೆಯಾದರೋ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಪದವಿ ಬರುವುದು ಸಂಶೋಧನೆಗೆ, ಗ್ರಂಥದ ಹೊದಿಕೆಯ ಮೇಲೆ ಬರುವುದು ‘ಒಂದು ಅಧ್ಯಯನ’: ಈ ಶ್ರಮವಿಭಜನೆ ಇಂದಿಗೂ ತಪ್ಪಿಲ್ಲ.

ಮಾನವಿಕಗಳಲ್ಲಿ ಪದದ ಮೂಲಾರ್ಥ ಅತ್ಯಂತ ಸಾರ್ಥಕವಾಗಿ ಹೊಂದಿಕೊಂಡ ಕೆಲಸವೆಂದರೆ ಗ್ರಂಥಸಂಪಾದನೆ. ಓಲೆಗರಿಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ರೂಢಿ. ಆ ಬೇಡಿಕೆಗೆ ಆಧುನಿಕ ಶಾಸ್ತ್ರ ಕೊಟ್ಟ ಉತ್ತರವೇ ಸಂಪಾದನಶಾಸ್ತ್ರವೆನ್ನಬಹುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಕನ್ನಡದಲ್ಲಿ ಈ ಶಾಸ್ತ್ರದ ಅಡಿಗಲ್ಲು. ಶುದ್ಧಪಾಠ, ಅಪಪಾಠ, ಪ್ರಕ್ಷೇಪ, ಪರಿಷ್ಕರಣ: ಈ ಪರಿಭಾಷೆಯ ಪ್ರತಿಯೊಂದು ಪದವೂ ಹಿಂದೆ ನಿರ್ಮಲವಾದದ್ದು ಒಂದಿತ್ತು, ನಡುವೆ ಕೊಳೆ ಸೇರಿತು, ಈಗ ತೊಳೆಯಬೇಕು ಎಂಬ ಕಥೆಯನ್ನು ಹೇಳುತ್ತದೆ. ಪಂಪನ ಕಾವ್ಯಕ್ಕೆ ಈ ಕಥೆ ಒಪ್ಪುತ್ತದೆ, ಏಕೆಂದರೆ ಪಂಪನೆಂಬ ಒಬ್ಬ ಕವಿ ಒಂದು ಕಾಲದಲ್ಲಿ ಒಂದು ಪಾಠವನ್ನು ಬರೆದಿದ್ದನು.

ಹಾಡುವವನ ನಾಲಗೆಯ ಮೇಲೆ ಪ್ರತಿ ಬಾರಿ ಹೊಸದಾಗಿ ಹುಟ್ಟುವ ಕಾವ್ಯದ ವಿಷಯದಲ್ಲಿ ಈ ಕಥೆ ಸೋಲುತ್ತದೆ. ಮಲೆ ಮಾದೇಶ್ವರನ ಕಥನವನ್ನು ಕಂಸಾಳೆಯವರು ಹಾಡುವಾಗ, ಮಂಟೇಸ್ವಾಮಿಯ ಕಥನವನ್ನು ನೀಲಗಾರರು ಹಾಡುವಾಗ ‘ಮೂಲಪಾಠ’ವೆಂಬುದು ಎಲ್ಲಿದೆ? ಒಬ್ಬ ಕಲಾವಿದನ ಪಾಠದಲ್ಲಿಲ್ಲದ ಪ್ರಸಂಗ ಇನ್ನೊಬ್ಬನ ಪಾಠದಲ್ಲಿದ್ದರೆ ಅದು ಪ್ರಕ್ಷೇಪವಲ್ಲ. ಜನಪದ ವಿದ್ವಾಂಸರು ಕಾಲಕ್ರಮದಲ್ಲಿ ಹಾಡಿದವರ ಹೆಸರಿನಿಂದಲೇ ಪಾಠಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವ ಪದ್ಧತಿಗೆ ಬಂದರು. ಇದನ್ನು ಅವರು ಸಂಶೋಧನೆಯೆಂದೇ ಕರೆದರೂ ಪದದ ಹೊಟ್ಟೆಯೊಳಗಿನ ರೂಪಕವನ್ನು ಮೆಲ್ಲಗೆ ಕೈಬಿಟ್ಟಿದ್ದರು.

ಪ್ರದರ್ಶನಕಲೆಗಳಲ್ಲಿ ಈ ರೂಪಕ ಕೈಬಿಡದೆ ಹೋದ ಒಂದು ಸಂದರ್ಭವನ್ನೂ ನೋಡಬೇಕು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪ್ರಸಂಗಗಳು, ರಾಗತಾಳಗಳು, ವೇಷಭೂಷಣಗಳನ್ನು ಅರಸಿ ಸಂಗ್ರಹಿಸಿದ ಅವರ ಶ್ರಮ ಅಸಾಧಾರಣ. ಆ ಅರಿವಿನ ಬಲದಿಂದಲೇ ಅವರು ಮುಂದೆ ಯಕ್ಷಗಾನವನ್ನು ನೃತ್ಯರೂಪಕವಾಗಿ ಮರುರಚಿಸಿದಾಗ ವೇಷಧಾರಿಗಳ ಆಶುಮಾತನ್ನು, ಎಂದರೆ ‘ಅರ್ಥ’ವನ್ನು, ತೆಗೆದಿರಿಸಿದರು. ಕಾರಂತರ ದೃಷ್ಟಿಯಲ್ಲಿ ಅದು ಕಲೆಯ ಶುದ್ಧೀಕರಣ. ಭಾಷಾವಿದ್ಯಾರ್ಥಿಗಳಾದ ನಮ್ಮ ದೃಷ್ಟಿಯಲ್ಲಿ ಹಾಗೆ ಕಳೆದುಹೋದದ್ದು ಕನ್ನಡದ ಅತ್ಯಂತ ಸಮೃದ್ಧವಾದ ಆಶುಗದ್ಯ. ರಂಗದ ಮೇಲೆ ಒಬ್ಬ ರಾವಣ ಇನ್ನೊಬ್ಬ ಹನುಮಂತನ ತರ್ಕಕ್ಕೆ ಅಲ್ಲಿಯೇ, ಆ ಕ್ಷಣದಲ್ಲಿಯೇ ಪ್ರತಿತರ್ಕ ಕಟ್ಟುವ ಗದ್ಯ ಅದು. ಅವರ ಪುಸ್ತಕದ ಬೆಲೆ ಇದರಿಂದ ಕುಗ್ಗುವುದಿಲ್ಲ. ಆದರೆ ಅರಸುವವನೂ ತೊಳೆಯುವವನೂ ಒಬ್ಬನೇ ಆದಾಗ ನೀರಿನೊಡನೆ ಏನೇನು ಹರಿದುಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ದೊರೆತಿಲ್ಲ.

ಶಿಕ್ಷಣಶಾಸ್ತ್ರದ ಮಾತನ್ನು ಬೇಗ ಮುಗಿಸಬಹುದು. ಕರ್ಟ್ ಲೆವಿನ್ 1946ರಲ್ಲಿ ಮುಂದಿಟ್ಟು, ಸ್ಟೀಫನ್ ಕೋರಿ 1953ರಲ್ಲಿ ಶಾಲೆಗೆ ಅಳವಡಿಸಿದ ವಿಧಾನವೊಂದು ‘ಕ್ರಿಯಾ ಸಂಶೋಧನೆ’ಯೆಂಬ ಹೆಸರಿನಲ್ಲಿ ನಮ್ಮ ಅಧ್ಯಾಪಕ ಶಿಕ್ಷಣದ ಪಠ್ಯಕ್ರಮವನ್ನು ಸೇರಿತು. ಕನ್ನಡದಲ್ಲಿಯೇ ಆರಂಭವಾಗಿ ಕನ್ನಡದಲ್ಲಿಯೇ ಮುಗಿಯುವ ಸಂಶೋಧನೆ ವಿಪುಲವಾಗಿ ನಡೆಯುವುದು ಇಲ್ಲಿ. ಪ್ರಾಕ್ಕಲ್ಪನೆ, ನ್ಯಾದರ್ಶ, ದತ್ತಾಂಶ, ಪೂರ್ವಪರೀಕ್ಷೆ ಮುಂತಾದ ಪದಗಳು ಹಳ್ಳಿಯ ಶಾಲೆಯ ಶಿಕ್ಷಕರಿಗೂ ಪರಿಚಿತವಾದದ್ದು ಈ ಮಾರ್ಗದಿಂದ. ಜೊತೆಗೆ ಬಂದದ್ದು ವೈದ್ಯದ ನಿಘಂಟು. ಮಗುವಿನ ಕಲಿಕೆಯ ಕೊರತೆಯನ್ನು ಗುರುತಿಸುವುದು ‘ನೈದಾನಿಕ ಪರೀಕ್ಷೆ’, ಅದನ್ನು ನೀಗಿಸುವುದು ‘ಪರಿಹಾರ ಬೋಧನೆ’, ನೀಗಬೇಕಾದದ್ದು ‘ಉಚ್ಚಾರಣಾ ದೋಷ’. ನಿದಾನ, ಪರಿಹಾರ, ದೋಷ, ಶೋಧನೆ: ಮಗು ಚಿಕಿತ್ಸಾಲಯದಲ್ಲಿ ಕುಳಿತಂತೆಯೇ ಆಯಿತು. ‘ಹಾಲು’ ಎಂಬುದನ್ನು ‘ಆಲು’ ಎಂದು ಉಚ್ಚರಿಸುವ ಮಂಡ್ಯದ ಹುಡುಗಿ ತನ್ನ ತಾಯಿಯ ಉಪಭಾಷೆಯ ಧ್ವನಿನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತಾಳೆ. ವರದಿಯಲ್ಲಿ ಅವಳು ದೋಷಸಂಖ್ಯೆಯ ಒಂದು ಅಂಕಿ. ಮಹಾಪ್ರಾಣಗಳ ವಿಷಯದಲ್ಲಿ ಈ ಧೋರಣೆಯನ್ನು ಬುಡದಿಂದಲೇ ಪ್ರಶ್ನಿಸಿದವರು ಡಿ. ಎನ್. ಶಂಕರ ಭಟ್ಟರು. ದೋಷವಿರುವುದು ಆಡುವವರಲ್ಲಲ್ಲ, ಬರವಣಿಗೆಯ ವ್ಯವಸ್ಥೆಯಲ್ಲಿ ಎಂಬುದು ಅವರ ವಾದ. ಅವರ ಪುಸ್ತಕದ ಹೆಸರೂ ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂದೇ ಇರುವುದು ಕುತೂಹಲದ ಸಂಗತಿ. ತೊಳೆಯಬೇಕಾದ ವಸ್ತು ಬದಲಾಯಿತು, ತೊಳೆಯುವ ಕ್ರಿಯೆ ಉಳಿಯಿತು.

ಮರಳಿ ವೈದ್ಯಕ್ಕೆ ಬರೋಣ. ಆದರೆ ಈಗ ಆಧುನಿಕ ಆಸ್ಪತ್ರೆಗೆ. ಕನ್ನಡದಲ್ಲಿ ವೈದ್ಯಕೀಯ ಸಂಶೋಧನೆಯ ಪ್ರಬಂಧಗಳು ಇಲ್ಲವೆನ್ನುವಷ್ಟು ವಿರಳ. ಡಿ. ಎಸ್. ಶಿವಪ್ಪ, ಅನುಪಮಾ ನಿರಂಜನ ಮೊದಲಾದ ವೈದ್ಯಲೇಖಕರು ಕನ್ನಡದಲ್ಲಿ ಬೆಳೆಸಿದ್ದು ಆರೋಗ್ಯಸಾಹಿತ್ಯವನ್ನು, ಪರಿಭಾಷೆಯನ್ನು. ಸಂಶೋಧನೆಯ ವಾಕ್ಯ ಇಂಗ್ಲಿಷಿನಲ್ಲಿಯೇ ಉಳಿಯಿತು. ಇದಕ್ಕೊಂದು ಅಪವಾದವಿದೆ: ಸಂಶೋಧನೆಗೆ ಒಳಪಡುವ ವ್ಯಕ್ತಿಗೆ ಕೊಡುವ ಮಾಹಿತಿಪತ್ರ ಮತ್ತು ಸಮ್ಮತಿಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1980ರಲ್ಲಿ ಮೊದಲ ನೀತಿಹೇಳಿಕೆಯನ್ನು ಹೊರಡಿಸಿ, 2000, 2006, 2017ರಲ್ಲಿ ಅದನ್ನು ವಿಸ್ತರಿಸಿತು. ಭಾಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ಅದರ ನಿಯಮ. ಹೀಗಾಗಿ ವೈದ್ಯಕೀಯ ಸಂಶೋಧನೆಯ ಕನ್ನಡ ಗದ್ಯವೆಂದರೆ ವಸ್ತುತಃ ಸಮ್ಮತಿಪತ್ರದ ಗದ್ಯ. ಅದನ್ನು ಓದುವವರು ವಿದ್ವಾಂಸರಲ್ಲ, ರೋಗಿಗಳು.

1982ರಲ್ಲಿ ಪಾಲ್ ಆಪಲ್‌ಬಾಮ್ ಮತ್ತು ಅವರ ಸಂಗಡಿಗರು ಇಂಥ ಭಾಗಿಗಳಲ್ಲಿ ಕಂಡ ಒಂದು ತಪ್ಪುಗ್ರಹಿಕೆಗೆ ಹೆಸರಿಟ್ಟರು. ಅದನ್ನು ಕನ್ನಡದಲ್ಲಿ ‘ಚಿಕಿತ್ಸಾಭ್ರಮೆ’ ಎನ್ನೋಣ. ಯಾರಿಗೆ ಯಾವ ಔಷಧವೆಂಬುದು ಚೀಟಿ ಎತ್ತಿದಂತೆ ನಿಶ್ಚಯವಾಗುವ ಪ್ರಯೋಗದಲ್ಲಿಯೂ, ವೈದ್ಯರು ತನ್ನೊಬ್ಬನ ಹಿತವನ್ನೇ ನೋಡಿ ಔಷಧ ಆರಿಸಿದ್ದಾರೆಂದು ರೋಗಿ ನಂಬುವುದೇ ಆ ಭ್ರಮೆ. ಇದು ಎಲ್ಲ ಭಾಷೆಗಳಲ್ಲಿಯೂ ಸಂಭವಿಸುತ್ತದೆ. ಕನ್ನಡವು ಇದಕ್ಕೆ ತನ್ನದೇ ಆದ ಮೂರು ಎಡೆಗಳನ್ನು ಒದಗಿಸುತ್ತದೆಂಬುದು ನಮ್ಮ ವಾದ.

ಮೊದಲನೆಯದು ವಿಭಕ್ತಿಗೆ ಸಂಬಂಧಿಸಿದ್ದು. ‘ಔಷಧವನ್ನು ಕುರಿತು ಸಂಶೋಧನೆ ಮಾಡುತ್ತಿದ್ದಾರೆ’ ಎಂದರೆ ಹುಡುಕಾಟ ನಡೆದಿದೆ, ಫಲ ತಿಳಿಯದು. ‘ಔಷಧವನ್ನು ಸಂಶೋಧಿಸಿದ್ದಾರೆ’ ಎಂದರೆ ಔಷಧ ಸಿಕ್ಕಿಯಾಯಿತು. ಇಲ್ಲಿ ‘ಸಂಶೋಧಿಸು’ ಎಂಬುದು ‘ಕಂಡುಹಿಡಿ’ ಎಂಬುದಕ್ಕೆ ಪರ್ಯಾಯ. ಕ್ರಿಯೆ ಮುಗಿಯಿತೋ ಇಲ್ಲವೋ ಎಂಬ ಭೇದವನ್ನು ಕನ್ನಡ ಇಲ್ಲಿ ದ್ವಿತೀಯೆ ಮತ್ತು ‘ಕುರಿತು’ಗಳ ನಡುವಿನ ಆಯ್ಕೆಯಿಂದ ತೋರಿಸುತ್ತದೆ. ಸಮಾಸದಲ್ಲಿ ವಿಭಕ್ತಿ ಲೋಪವಾದೊಡನೆ ಭೇದವೂ ಅಳಿಯುತ್ತದೆ. ‘ಹೊಸ ಔಷಧ ಸಂಶೋಧನೆ’ ಎಂಬ ಶೀರ್ಷಿಕೆಯನ್ನು ಓದುವ ರೋಗಿಗೆ ಅದು ಸಿಕ್ಕಿದ ಔಷಧವೋ ಹುಡುಕುತ್ತಿರುವ ಔಷಧವೋ ತಿಳಿಯುವ ಬಗೆಯಿಲ್ಲ. ಪತ್ರಿಕೆಗಳ ರೂಢಿ ಅವನನ್ನು ಮೊದಲ ಅರ್ಥದತ್ತಲೇ ನೂಕುತ್ತದೆ.

ಎರಡನೆಯದು ‘ನೋಡು’ ಎಂಬ ಸಹಾಯಕ ಕ್ರಿಯಾಪದ. ‘ಈ ಮಾತ್ರೆ ಕೊಟ್ಟು ನೋಡೋಣ’ ಎಂಬುದು ಯಾವ ಊರಿನ ಡಾಕ್ಟರೂ ದಿನಕ್ಕೆ ಹತ್ತು ಬಾರಿ ಆಡುವ ಮಾತು. ಅದು ಚಿಕಿತ್ಸೆ. ಅದೇ ವಾಕ್ಯವನ್ನು ಅಕ್ಷರಶಃ ತೆಗೆದುಕೊಂಡರೆ ಅದಕ್ಕಿಂತ ನಿಖರವಾಗಿ ಪ್ರಯೋಗವನ್ನು ವರ್ಣಿಸುವ ಕನ್ನಡ ವಾಕ್ಯ ಇನ್ನೊಂದಿಲ್ಲ. ಸಾಮಾನ್ಯ ಚಿಕಿತ್ಸೆ ಪ್ರಯೋಗದ ವ್ಯಾಕರಣವನ್ನು ಬಳಸುತ್ತಿರುವಾಗ, ಪ್ರಯೋಗದ ಕಾಗದವು ‘ಪರೀಕ್ಷೆ’, ‘ತಪಾಸಣೆ’, ‘ಭೇಟಿ’ ಎಂಬ ಚಿಕಿತ್ಸೆಯ ಪದಗಳನ್ನು ಬಳಸುತ್ತದೆ. ಇವುಗಳ ನಡುವೆ ‘ಅಧ್ಯಯನ’ವೆಂಬ ಪದ ಬಂದರೆ ರೋಗಿ ಅದನ್ನು ಓದುಬರಹಕ್ಕೆ ಸಂಬಂಧಿಸಿದ್ದೆಂದುಕೊಳ್ಳುತ್ತಾನೆ.

ಮೂರನೆಯದು ಈ ಲೇಖನದ ಶೀರ್ಷಿಕೆಯಲ್ಲಿರುವ ಕೊನೆಯ ಪದಕ್ಕೆ ಸಂಬಂಧಿಸಿದ್ದು. ತಮಿಳಿನ ‘ಆರಾಯ್ಚ್ಚಿ’ಗೆ ಮೂಲವಾದ ‘ಆರಾಯ್’ ಧಾತು ಕನ್ನಡದಲ್ಲಿಯೂ ಇದೆ. ಹಳಗನ್ನಡದ ‘ಆರಯ್’ ಎಂಬುದಕ್ಕೆ ಹುಡುಕು, ವಿಚಾರಿಸು ಎಂಬ ಅರ್ಥಗಳೊಡನೆ ಯೋಗಕ್ಷೇಮ ನೋಡಿಕೊಳ್ಳು ಎಂಬ ಅರ್ಥವೂ ಉಂಟು. ತಮಿಳು ಮೊದಲನೆಯ ಅರ್ಥವನ್ನು ಬೆಳೆಸಿ ಅದನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿತು. ಕನ್ನಡ ಎರಡನೆಯದನ್ನು ಉಳಿಸಿಕೊಂಡಿತು. ಅದೇ ನಮ್ಮ ‘ಆರೈಕೆ’, ಬಾಣಂತಿಗೆ ಮಾಡುವ ಆರೈಕೆ, ಹಾಸಿಗೆ ಹಿಡಿದವರಿಗೆ ಮಾಡುವ ಆರೈಕೆ. ಈಚಿನ ಅಚ್ಚಗನ್ನಡ ಬರಹಗಳಲ್ಲಿ ರಿಸರ್ಚ್‌ಗೆ ‘ಅರಕೆ’ಯೆಂಬ ಪದವನ್ನು ರೂಢಿಸುವ ಯತ್ನ ನಡೆದಿದೆ, ‘ಆರಯ್’ಯನ್ನು ಆ ಅರ್ಥಕ್ಕೆ ಮರಳಿ ಕರೆತರುವುದು ಮಾತ್ರ ಈಗ ಸಾಧ್ಯವಿಲ್ಲ. ಅದು ಪೂರ್ತಿಯಾಗಿ ದಾದಿಯ ಕೈಗೆ ಸೇರಿಹೋಗಿದೆ. ‘ಏನಮ್ಮಾ, ಹೇಗಿದ್ದೀಯ?’ ಎಂದು ವಿಚಾರಿಸಿಕೊಳ್ಳುವುದೂ ಒಂದು ವಿಷಯವನ್ನು ವಿಚಾರಿಸುವುದೂ ಕನ್ನಡಿಗನಿಗೆ ಇಂದಿಗೂ ಒಂದೇ ಕ್ರಿಯಾಪದ. ಹೆಚ್ಚು ಹೊತ್ತು ವಿಚಾರಿಸಿದವರು ಹೆಚ್ಚು ಕಾಳಜಿಯುಳ್ಳವರೆಂದು ತಿಳಿಯುವುದು ಈ ಭಾಷೆಯಲ್ಲಿ ಸಹಜ. ಪ್ರಯೋಗದ ಸಿಬ್ಬಂದಿಯಾದರೋ ಸಾಮಾನ್ಯ ಹೊರರೋಗಿ ವಿಭಾಗದ ವೈದ್ಯರಿಗಿಂತ ಬಹಳ ಹೆಚ್ಚು ಹೊತ್ತು ವಿಚಾರಿಸುತ್ತಾರೆ.

ಇದರ ಮುಂದೆ ‘ನೀವು ಈ ಸಂಶೋಧನಾ ಅಧ್ಯಯನದಲ್ಲಿ ಭಾಗವಹಿಸಲು ಆಹ್ವಾನಿಸಲ್ಪಟ್ಟಿದ್ದೀರಿ’ ಎಂಬ ಮಾದರಿಯ ವಾಕ್ಯ ಏನನ್ನೂ ತಡೆಯಲಾರದು. ಅದರ ಕರ್ಮಣಿ ಪ್ರಯೋಗದಲ್ಲಿ ಆಹ್ವಾನಿಸಿದವರೇ ಮರೆಯಾಗಿದ್ದಾರೆ. ಪದಕೋಶಕ್ಕೆ ಇನ್ನೊಂದು ಪದ ಸೇರಿಸುವುದರಿಂದಲೂ ಪ್ರಯೋಜನವಿಲ್ಲ. ಕರ್ತೃವನ್ನು ವಾಕ್ಯಕ್ಕೆ ಮರಳಿ ತರಬೇಕು, ಫಲ ಅನಿಶ್ಚಿತವೆಂಬುದನ್ನು ನಾಮಪದದೊಳಗೆ ಅಡಗಿಸದೆ ಕ್ರಿಯಾಪದದಲ್ಲಿ ಹೇಳಬೇಕು. ನಾವು ಹೀಗೆ ಬರೆದು ನೋಡುತ್ತೇವೆ: ‘ಈ ಮಾತ್ರೆಯಿಂದ ಗುಣವಾಗುತ್ತದೆಯೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳಲು ಕೆಲವರಿಗೆ ಈ ಮಾತ್ರೆಯನ್ನೂ ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಡುತ್ತೇವೆ. ನಿಮಗೆ ಯಾವುದು ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಅದು ತೀರ್ಮಾನವಾಗುತ್ತದೆ. ಬೇಡವೆಂದರೂ ನಿಮ್ಮ ಆರೈಕೆ ಈಗಿನಂತೆಯೇ ನಡೆಯುತ್ತದೆ.’ ಈ ನಾಲ್ಕು ವಾಕ್ಯಗಳಲ್ಲಿ ‘ಸಂಶೋಧನೆ’ ಒಮ್ಮೆಯೂ ಬಂದಿಲ್ಲ; ‘ಆರೈಕೆ’ ಬಂದಿರುವುದು ಒಂದೇ ಕಡೆ, ಪ್ರಯೋಗದ ಹೊರಗೆ.